ಅವಳು ಫೋನ್ ಮಾಡಬಹುದಲ್ಲ?

"ಮೇಡಂ, ಒಂದು ಡೌಟು. ಇವಳು ಅವನಿಗೆ ಫೋನ್ ಮಾಡಬಹುದಲ್ಲ?"

ಸಂಜೆ ಐದಕ್ಕೆ ಹತ್ತು ನಿಮಿಷ ಬಾಕಿ. ಬೆಂಗಳೂರಿನ ಸ್ಟುಡಿಯೋದಲ್ಲಿ ನಮ್ಮ ಸ್ಲಾಟು ಆರರವರೆಗೆ. ರಾತ್ರಿ ಒಂಬತ್ತಕ್ಕೆ ನಮ್ಮ ಆಡಿಯೋ ಕಾದಂಬರಿಯ 43ನೇ ಎಪಿಸೋಡು ಲೈವ್ ಆಗಬೇಕು. ಬಫರ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ದಾಸ್ತಾನು, ಹತ್ತು ಎಪಿಸೋಡಿಗಿಂತ ಕೆಳಗೆ ಇಳಿಯಬಾರದು ಎಂದು ರೂಲ್ಸ್ ಬರೆದವರೇ ಅದನ್ನು ತಿಂದು ಮುಗಿಸಿದ್ದರು. ಇತ್ತ ಶಿರಸಿಯಲ್ಲಿ ಆಷಾಢದ ಮಳೆ, ಮಧ್ಯಾಹ್ನದಿಂದ ಕರೆಂಟಿಲ್ಲ, ಇನ್ವರ್ಟರ್ ಕುಂಯ್‌ಗುಡುತ್ತಿತ್ತು. ಸಿಗ್ನಲ್ ಸಿಗುವ ಒಂದೇ ಜಾಗ ನಮ್ಮ ಮನೆಯ ಜಗಲಿಯ ಎಡಗಡೆ ಕಂಬ. ಅದಕ್ಕೆ ಆತುಕೊಂಡು ನಿಂತಿದ್ದೆ, ಒಂದು ಕಿವಿಯಲ್ಲಿ ಹೆಂಚಿನ ನೀರು, ಇನ್ನೊಂದರಲ್ಲಿ ಈ ಪ್ರಶ್ನೆ ಕೇಳಿದ ವಿಓ (ವಾಯ್ಸ್ ಓವರ್) ಹುಡುಗಿ, ಹೀರೋಯಿನ್‌ಗೆ ದನಿ ಕೊಡುವವಳು.

ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದ ಉತ್ತರವನ್ನು 17ನೇ ಎಪಿಸೋಡಿನಲ್ಲಿ ನಾನೇ ಅಳಿಸಿದ್ದೆ.

ನಾನು ಆಡಿಯೋ ಕಾದಂಬರಿಗಳ ಸ್ಕ್ರಿಪ್ಟ್ ಎಡಿಟರ್. ಅದಕ್ಕೆ ಮೊದಲು ಹನ್ನೊಂದು ವರ್ಷ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿದವಳು. ಅದಕ್ಕೇ ಈ ಸ್ಪೇಸ್ ಆಪೆರಾ, ಅಂದರೆ ಬಾಹ್ಯಾಕಾಶದಲ್ಲಿ ನಡೆಯುವ ಸಾಹಸ, ಪ್ರೇಮದ ಕಥೆ, ನನ್ನ ತಲೆಗೆ ಬಿತ್ತು. ಬರೆಯುವ ಹುಡುಗ ತದಡಿಯವನು, ಅಪ್ಪನದು ಬೋಟು. ಕಥೆ ಹೀಗೆ: ಅವಳು ಶನಿಯ ಚಂದ್ರ ಟೈಟನ್‌ನ ಗಣಿಯಲ್ಲಿ, ಅವನು ಮಂಗಳದ ಬಂದರಿನಲ್ಲಿ ಅಧಿಕಾರಿ. ಮಂಗಳ, ಶನಿ ಎಷ್ಟೇ ಹತ್ತಿರ ಬಂದರೂ ಬೆಳಕು ಅಲ್ಲಿಂದ ಇಲ್ಲಿಗೆ ಬರಲು ಒಂದು ಗಂಟೆ ಬೇಕು, ದೂರ ಹೋದಾಗ ಒಂದೂವರೆ ಗಂಟೆ ದಾಟುತ್ತದೆ. ರೇಡಿಯೋ ಸಂದೇಶದ ವೇಗವೂ ಅಷ್ಟೇ. ಹುಡುಗ ನಡುವೆ ಎಲ್ಲೋ ಹಿಡಿದು ಎಂಬತ್ತು ನಿಮಿಷ ಎಂದಿಟ್ಟುಕೊಂಡಿದ್ದ. ಕೇಳಿದ್ದಕ್ಕೆ ಉತ್ತರ ಬರಲು ನೂರಾ ಅರವತ್ತು.

ಅವನ 17ನೇ ಎಪಿಸೋಡಿನಲ್ಲಿ ಇಬ್ಬರೂ ಜಗಳ ಆಡುತ್ತಾರೆ. ಅವಳು ಬೈದು ಕಳಿಸುತ್ತಾಳೆ. ಹತ್ತು ನಿಮಿಷಕ್ಕೆ ಮನಸ್ಸು ಕೇಳದೆ ತಪ್ಪಾಯಿತು ಅಂತ ಕಳಿಸುತ್ತಾಳೆ. ಆ ಹೊತ್ತಿಗೆ ಬೈಗುಳ ಗುರುವಿನ ಕಕ್ಷೆಯನ್ನೂ ದಾಟಿರುವುದಿಲ್ಲ. ಅತ್ತ ಅವನು ಯಾವುದೂ ಗೊತ್ತಿಲ್ಲದೆ, ಇವತ್ತು ಬಂದರಿನಲ್ಲಿ ನಿಂಬೆಹಣ್ಣು ಸಿಕ್ಕಿತು ಎಂದು ಖುಷಿಯಲ್ಲಿ ಹೇಳಿ ಕಳಿಸಿದ್ದು ದಾರಿಯಲ್ಲಿದೆ. ಮೂರು ಮಾತು, ಅವಳ ಎರಡೂ ಅವನ ಒಂದೂ ದಾರಿಯಲ್ಲೇ ದಾಟಿ ಹೋಗುತ್ತವೆ. ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತಿದ್ದೆ. ಇದು ಮಾತ್ರ ನಿಜ.

ಶೋ ಲೀಡ್‌ಗೆ ಅದು ರುಚಿಸಲಿಲ್ಲ. "ಮೇಡಂ, ಕೆಮಿಸ್ಟ್ರಿ ಎಲ್ಲಿ? ಹೀರೋ ಹೀರೋಯಿನ್ ಒಂದೇ ಸೀನಲ್ಲಿ ಮಾತಾಡ್ತಾ ಇಲ್ಲ. ಲೈವ್ ಕಾಲ್ ಮಾಡ್ಸಿ. ರೊಮ್ಯಾನ್ಸ್ ಅರವತ್ತು, ಸೈಫೈ ನಲವತ್ತು, ಶೀಟಲ್ಲಿ ನೋಡಿ."

ಆ ಶೀಟಿನ ಕಥೆ ಹೇಳಲೇಬೇಕು. ನಮ್ಮ ಟೂಲು ಸ್ಕ್ರಿಪ್ಟಿನಲ್ಲಿ ಇಂತಿಂಥ ಪದ ಎಷ್ಟು ಸಲ ಬಂತು ಎಂದು ಎಣಿಸಿ ರೊಮ್ಯಾನ್ಸ್ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಕಡಿಮೆಯಾದರೆ ಕೆಂಪು, ಸಾಕಾದರೆ ಹಸಿರು. "ಗುರುತ್ವಾಕರ್ಷಣೆ" ಎಂದು ಬರೆದರೆ ಸೈಫೈ. ಹುಡುಗ ಒಮ್ಮೆ "ಗುರುತ್ವ ಆಕರ್ಷಣೆ" ಎಂದು ಬಿಡಿಸಿ ಬರೆದ, ರೊಮ್ಯಾನ್ಸ್ ಖಾತೆಗೆ ಒಂದು ಜಮಾ ಆಯಿತು. ಸವರ್ಣದೀರ್ಘ ಸಂಧಿ ಮಾಡಿದರೆ ವಿಜ್ಞಾನ, ಬಿಟ್ಟರೆ ಪ್ರೇಮ.

ಈ ಪಾಲು ಹಂಚುವ ಕೆಲಸ ಹೊಸದೇನಲ್ಲ, ಪಾಪ ನಮ್ಮ ಲೀಡ್ ಒಬ್ಬರನ್ನೇ ಬೈದು ಉಪಯೋಗವಿಲ್ಲ. ಸ್ಪೇಸ್ ಆಪೆರಾದ ಮೂಲಪುರುಷ ಎಂದು ಹೇಳುವ ಇ. ಇ. ಸ್ಮಿತ್ ತನ್ನ ಮೊದಲ ಕಾದಂಬರಿಯನ್ನು 1915ರಲ್ಲಿ ಶುರು ಮಾಡಿದಾಗ ಪ್ರೇಮದ ಭಾಗ ತನ್ನ ಕೈಯಲ್ಲಾಗದು ಎಂದು ಗೆಳೆಯನ ಹೆಂಡತಿ ಲೀ ಹಾಕಿನ್ಸ್ ಗಾರ್ಬಿಯ ಸಹಾಯ ಪಡೆದ. ರಾಕೆಟ್ಟು ಇವನದು, ಪ್ರೀತಿ ಅವಳದು. 1928ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಇನ್ನು ಸ್ಪೇಸ್ ಆಪೆರಾ ಎಂಬ ಹೆಸರೇ ಒಂದು ಬೈಗುಳ. ರೇಡಿಯೋದ ಸೋಪ್ ಆಪೆರಾಗಳ ಹಾಗೆ ಹಳಸಲು ಎನ್ನುವುದಕ್ಕೆ ವಿಲ್ಸನ್ ಟಕರ್ 1941ರಲ್ಲಿ ಟಂಕಿಸಿದ್ದು. ಇದನ್ನೆಲ್ಲ ಮೀಟಿಂಗಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ.

ಹೇಳದಿರಲು ಕಾರಣ 6ನೇ ಎಪಿಸೋಡು. ಅದರಲ್ಲಿ ಹೀರೋಯಿನ್‌ನ ಅಜ್ಜಿ ನಕ್ಷತ್ರಯಾನಕ್ಕೆ ಹೊರಟ ಗಂಡನನ್ನು ಬೀಳ್ಕೊಡುತ್ತಾಳೆ. ಅಜ್ಜಿ ಕೈ ಬಿಡುವುದಕ್ಕೂ ಬಾಗಿಲು ಮುಚ್ಚುವುದಕ್ಕೂ ನಡುವೆ ನಾನು ಒಂಬತ್ತು ಸಾಲಿನ ಪಾಠ ತುರುಕಿದ್ದೆ: ಬೆಳಕಿನ ವೇಗದ ಶೇ. 86.6ರಲ್ಲಿ ಹೋದರೆ ಹಡಗಿನ ಗಡಿಯಾರದ ಓಟ ನಮ್ಮ ಲೆಕ್ಕಕ್ಕೆ ಅರ್ಧವಾಗುತ್ತದೆ, ಯಾಕೆಂದರೆ ಇತ್ಯಾದಿ. ಲೆಕ್ಕ ಸರಿಯಿತ್ತು. ಕೇಳುವವರು ಸರಿಯಾಗಿ ಅಲ್ಲೇ ಡ್ರಾಪ್ ಆದರು, ಗ್ರಾಫ್ ಜೋಗದಲ್ಲಿ ಶರಾವತಿ ಬಿದ್ದ ಹಾಗೆ ಬಿತ್ತು. ಅವನು ತಿರುಗಿ ಬರುವಾಗ ಅಜ್ಜಿಗೆ ಎಪ್ಪತ್ತು, ಅವನಿಗೆ ಐವತ್ತು ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಅಂದಿನಿಂದ ನಾನು ಬಾಯಿ ತೆರೆದರೆ "ಮೇಡಂ ಕ್ಲಾಸ್ ತಗೋತಾರೆ" ಎಂಬ ನಗೆ.

ಹಾಗಾಗಿ 17ರಲ್ಲಿ ನಾನು ಒಳ್ಳೆಯವಳಾಗಲು ಹೋದೆ. ಹುಡುಗನನ್ನು ಕೇಳದೆ ದಾಟಿಹೋಗುವ ಮಾತುಗಳನ್ನು ಕಿತ್ತು, "ಕ್ವಾಂಟಮ್ ಲಿಂಕ್ ತಟ್ಟನೆ ಜೋಡಿಸಿತು" ಎಂದು ಒಂದು ಸಾಲು ಬರೆದು, ಇಬ್ಬರನ್ನೂ ಎದುರುಬದುರು ಕೂರಿಸಿದೆ. ಇಂಥ ಲಿಂಕಿಗೆ ಆಧಾರ ಎಂದು ಕಥೆಗಾರರು ಹಿಡಿಯುವುದು ಎಂಟ್ಯಾಂಗಲ್‌ಮೆಂಟನ್ನು, ಅಂದರೆ ದೂರದ ಎರಡು ಕಣಗಳ ನಡುವಿನ ಕ್ವಾಂಟಮ್ ನಂಟನ್ನು. ಅದರಿಂದ ಸುದ್ದಿ ಕಳಿಸಲು ಬರುವುದಿಲ್ಲ. ಎರಡೂ ಕಡೆಯ ಫಲಿತಾಂಶ ತಾಳೆ ನೋಡಲಿಕ್ಕಾದರೂ ಮಾಮೂಲಿ ಸಂದೇಶವೇ ಬೇಕು, ಅದು ಬೆಳಕನ್ನು ಹಿಂದೆ ಹಾಕದು. ಯಾವನಾದರೂ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಶೀಟು ಹಸಿರಾಯಿತು, ಲಾಕ್ ಮಾಡಿದೆ.

ಆಮೇಲಿನ ಇಪ್ಪತ್ತೈದು ಎಪಿಸೋಡು ಇಬ್ಬರೂ ದಿನಾ ಮಾತಾಡಿದರು. "ಊಟ ಆಯ್ತಾ", "ಮಿಸ್ ಮಾಡ್ಕೊಳ್ತೀಯಾ". ಟೈಟನ್ ಬದಲು ಒಬ್ಬಳನ್ನು ಕುಮಟಾದಲ್ಲೂ ಇನ್ನೊಬ್ಬನನ್ನು ಹುಬ್ಬಳ್ಳಿಯಲ್ಲೂ ಕೂರಿಸಿದ್ದರೂ ನಡೆಯುತ್ತಿತ್ತು.

43ರಲ್ಲಿ ಗಣಿಯಲ್ಲಿ ಮುಷ್ಕರ. ಮಂಗಳದಿಂದ ಬಂದ ಹಡಗು ಒಂದು ಗಂಟೆಯಲ್ಲಿ ಟೈಟನ್ ಮುಟ್ಟುತ್ತದೆ. ಒಳಗೆ ರೇಷನ್ ಇದೆಯೋ, ಪೊಲೀಸರಿದ್ದಾರೋ? ಹಡಗು ಕಳಿಸಿದ್ದು ಅವನು. ಪೊಲೀಸರನ್ನು ಹತ್ತಿಸು ಎಂಬ ಆದೇಶವನ್ನು ಅವನು ಮುರಿದಿದ್ದಾನೆ. ಅದು ಅವಳಿಗೆ ಗೊತ್ತಿಲ್ಲ. ಹಡಗು ಬಂದು ನಿಲ್ಲುವ ಡಾಕ್ ಅನ್ನು ಅವಳು ಸ್ಫೋಟಿಸಬೇಕೋ ಬೇಡವೋ? ಇರುವುದು ಅರವತ್ತು ನಿಮಿಷ, ಕೇಳಿ ತಿಳಿಯಲು ನೂರಾ ಅರವತ್ತು. ಇಂಥ ಮನುಷ್ಯ ಏನು ಮಾಡಿರಬಹುದು ಎಂದು ಅವಳು ಬರೀ ಅವನ ಗುಣದ ಮೇಲೆ ತೀರ್ಮಾನ ಮಾಡಬೇಕು. ಹುಡುಗ ಮೊದಲ ದಿನದಿಂದ ಕಟ್ಟುತ್ತಾ ಬಂದದ್ದು ಈ ಒಂದು ಗಂಟೆಗಾಗಿ. ನಾನು ಅವಳ ಕೈಗೆ ಫೋನ್ ಕೊಟ್ಟಿದ್ದೆ.

5.05. ಹುಡುಗನನ್ನು ಕಾನ್ಫರೆನ್ಸಿಗೆ ಹಾಕಿಕೊಂಡೆ. "ಸೌರ ಬಿರುಗಾಳಿ ಬಂದು ಲಿಂಕ್ ಹೋಯ್ತು ಅನ್ನೋಣ" ಎಂದೆ.

ವಿಓ ಹುಡುಗಿ ನಕ್ಕಳು. "29ರಲ್ಲೂ ಅದೇ ಬಂದಿತ್ತು ಮೇಡಂ."

5.15. ಸೌಂಡ್ ಎಂಜಿನಿಯರ್ ಕೆಮ್ಮಿದ. ಲೀಡ್‌ದು ಎರಡು ಮಿಸ್ಡ್ ಕಾಲ್. ಹುಡುಗ ಮಾತೇ ಆಡಲಿಲ್ಲ. ಅವನು ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಲೈನಿನಲ್ಲಿ ಅವನ ಕಡೆಯ ಮಳೆ, ನನ್ನ ಕಡೆಯ ಮಳೆ ಎರಡೂ ಕೇಳುತ್ತಿತ್ತು. ಕಡೆಗೆ, "ಅಕ್ಕಾ, ಆ ಲಿಂಕ್ ಯಾರದ್ದು?" ಎಂದ.

"ಗಣಿ ಕಂಪನಿದು."

"ಮುಷ್ಕರ ಮಾಡಿದವ್ರಿಗೆ ಕಂಪನಿ ಲಿಂಕ್ ಕೊಡ್ತದಾ?"

ಕಂಬಕ್ಕೆ ತಲೆ ಒರಗಿಸಿದೆ. ಮೂರು ಸಾಲು ಅವನೇ ಹೇಳಿದ, ಹುಡುಗಿ ಪೆನ್ಸಿಲಿನಲ್ಲಿ ಬರೆದುಕೊಂಡಳು. ಕಂಪನಿ ಲಿಂಕ್ ಕತ್ತರಿಸಿದೆ, ಉಳಿದದ್ದು ಹಳೇ ರೇಡಿಯೋ, ಉತ್ತರಕ್ಕೆ ನೂರಾ ಅರವತ್ತು ನಿಮಿಷ. ಎರಡು ಪಿಕಪ್ (ಬಿಡಿ ಸಾಲುಗಳ ಮರು ರೆಕಾರ್ಡಿಂಗ್), 5.54ಕ್ಕೆ ಮುಗಿಯಿತು. ರಾತ್ರಿ ಲೀಡ್ ಮೆಸೇಜು: "ಸೂಪರ್ ಟ್ವಿಸ್ಟ್ ಮೇಡಂ!" ಅದು ಹುಡುಗನದ್ದು ಎಂದು ಬರೆದೆ. ಹೆಬ್ಬೆಟ್ಟು ಒತ್ತಿ ಸುಮ್ಮನಾದರು.

ಮರುದಿನ ಹುಡುಗನಿಗೆ ಫೋನ್ ಮಾಡಿ, ತಪ್ಪಾಯಿತು ಮಾರಾಯ, ಕೇಳದೆ ಕಿತ್ತೆ ಎಂದೆ. ಅವನು ಬೇರೇನೋ ಹೇಳಿದ. ಅವನ ಅಪ್ಪನ ಬೋಟು ಆಳ ಸಮುದ್ರಕ್ಕೆ ಹೋದರೆ ನೆಟ್‌ವರ್ಕ್ ಇಲ್ಲ. ವಾರದ ಮೇಲೆ ದಡ ಹತ್ತಿರ ಬರುವಾಗ ಅಮ್ಮ ಕಳಿಸಿದ ಮೆಸೇಜೆಲ್ಲ ಒಟ್ಟಿಗೆ ಟಿಂಗ್ ಟಿಂಗ್ ಎಂದು ಬೀಳುತ್ತವೆ. ಮೊದಲಿನ ಎರಡು ಬೈಗುಳ, ಮೂರನೆಯದು ಬಿಪಿ ಮಾತ್ರೆ ನುಂಗಿದ್ರಾ, ನಾಲ್ಕನೆಯದರಲ್ಲಿ ಏನೂ ಇಲ್ಲ, ಬರೀ ಚುಕ್ಕಿ. ಅಪ್ಪ ಎಲ್ಲವನ್ನೂ ಸಾಲಾಗಿ ಓದಿ, ಉತ್ತರ ಬರೆಯದೆ, ದಡಕ್ಕೆ ಬಂದು ಮೀನಿನ ಚೀಲ ಕೈಗೆ ಕೊಡುತ್ತಾರೆ. "ಈಗ ಮೀನುಗಾರಿಕೆ ಬಂದ್ ಅಲ್ವಾ ಅಕ್ಕ, ಜುಲೈ 31ರವರೆಗೂ ಅಪ್ಪ ಮನೇಲೇ. ದಿನಾ ಎದುರಿಗೇ ಜಗಳ. ಅದ್ರಲ್ಲೆಂತ ಕಥೆ ಉಂಟು?"

ಎರಡನೇ ಸೀಸನ್ನಿನ ಮೊದಲ ಎಪಿಸೋಡು ಹೋದ ವಾರ ಕಳಿಸಿದ. ಲಿಂಕ್ ಇಲ್ಲ, ಪಾಠ ಇಲ್ಲ. ಹೀರೋನ ಹಡಗು ಆರು ತಿಂಗಳ ಮೇಲೆ ಟೈಟನ್ ಸಮೀಪಿಸುತ್ತದೆ, ಕೆಟ್ಟು ನಿಂತಿದ್ದ ರಿಸೀವರ್ ಸರಿಯಾಗಿ, ಟೈಟನ್‌ನಲ್ಲಿ ಕೂಡಿಟ್ಟಿದ್ದ ಅವಳ ಹಳೇ ಸಂದೇಶಗಳು ಒಂದರ ಹಿಂದೆ ಒಂದು ಬೀಳುತ್ತವೆ, ಕೊನೆಯದು ಬರೀ ಉಸಿರು. ಪ್ರೀತಿ ಎಂಬ ಪದ ಒಮ್ಮೆಯೂ ಇಲ್ಲ. ಟೂಲಿಗೆ ಹಾಕಿದೆ, ಉದ್ದಕ್ಕೂ ಕೆಂಪು.

ಹುಡುಗನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ, ಅವನು ನಕ್ಕ. ಗುರುತ್ವಾಕರ್ಷಣೆ ಬಂದ ಕಡೆಯಲ್ಲೆಲ್ಲ ಸಂಧಿ ಬಿಡಿಸಿದೆ. ಏಳು ಕಡೆ ಬಂದಿತ್ತು. ಹಸಿರಾಯಿತು. ಲಾಕ್ ಮಾಡಿದೆ.