ಸುಝುಕಾ 1989: ನನ್ನ ತಕರಾರು ತೀರ್ಪಿನ ಮೇಲೆ

ಕಲಬುರಗಿ, 22 ಅಕ್ಟೋಬರ್ 2025, ಬುಧವಾರ

ದೀಪಾವಳಿ ಪಾಡ್ಯ, ಮನೆಯಲ್ಲಿ ಎಲ್ಲರಿಗೂ ರಜೆ. ಹೋಳಿಗೆ ಊಟ ಮುಗಿಸಿ ಕೂತಾಗ ಅಣ್ಣನ ಮಗ ಫಾರ್ಮುಲಾ ಒನ್ ಕಾರ್ ರೇಸ್ ಮಾತು ತೆಗೆದ. ಅಮೆರಿಕದ ಆಸ್ಟಿನ್ ರೇಸ್ ನಮ್ಮಲ್ಲಿ ಶುರುವಾಗಿದ್ದೇ ಭಾನುವಾರ ರಾತ್ರಿ ಹನ್ನೆರಡೂವರೆಗೆ. ನಿದ್ದೆಗೆಟ್ಟು ನೋಡಿದ್ದಾನೆ. ಅದಕ್ಕೂ ಹಿಂದಿನ ದಿನ ಸ್ಪ್ರಿಂಟ್ ಅನ್ನೋ ಚಿಕ್ಕ ರೇಸ್‌ನ ಮೊದಲ ತಿರುವಿನಲ್ಲೇ ಮೆಕ್ಲಾರೆನ್‌ನ ಎರಡೂ ಕಾರು ಹೊರಬಿದ್ದವಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

“ಕಾಕಾ, ಇಬ್ಬರೂ ಒಂದೇ ಟೀಮ್ ಅಲ್ಲೇನು? ಒಬ್ಬನಿಗೆ ಹಿಂದ ಸರಿ ಅಂತ ಹೇಳಬಾರದೇನು?”

ಆಸ್ಟಿನ್ ಮುಗಿದಾಗ ಮೆಕ್ಲಾರೆನ್‌ನ ಪಿಯಾಸ್ಟ್ರಿ 346 ಅಂಕ, ನಾರಿಸ್ 332, ಬೇರೆ ಟೀಮಿನ ವರ್ಸ್ಟಾಪನ್ 306. ಆಗ ಇನ್ನೂ ಐದು ರೇಸ್ ಉಳಿದಿದ್ದವು. ಹೇಳಬಾರದು ಅಂತಲೇ ನನ್ನ ಉತ್ತರ. ಗಟ್ಟಿಗರಿಬ್ಬರು ಒಂದೇ ಟೀಮಿನಲ್ಲಿದ್ದರೆ ಜಗಳ ಆಗೇ ಆಗುತ್ತದೆ. ಆಗಲಿ ಬಿಡಿ. ಅದನ್ನು ನೋಡೋಕೇ ಅಲ್ವಾ ನಾವು ಕೂರೋದು. ನನಗೆ ಭಯ ಇರುವುದು ತೀರ್ಪು ಕೊಡುವವರ ಬಗ್ಗೆ. ಅವನಿಗೆ 1989ರಲ್ಲಿ ಜಪಾನಿನ ಸುಝುಕಾ ಟ್ರ್ಯಾಕ್‌ನಲ್ಲಿ ನಡೆದ ಕಥೆ ಹೇಳಿದೆ. ಆ ರೇಸ್ ನಡೆದದ್ದು ಇದೇ ಅಕ್ಟೋಬರ್ 22ರಂದು.

1988ರಲ್ಲಿ ಮೆಕ್ಲಾರೆನ್ 16 ರೇಸ್‌ಗಳಲ್ಲಿ 15 ಗೆದ್ದಿತ್ತು. ಅದರ ಇಬ್ಬರು ಚಾಲಕರಲ್ಲಿ ಸೆನ್ನಾ 8, ಪ್ರಾಸ್ಟ್ 7. ಮರುವರ್ಷ ಇಮೋಲಾದಲ್ಲಿ ಸೆನ್ನಾ ಮಾತು ಮುರಿದ ಅಂತ ಪ್ರಾಸ್ಟ್ ಮುನಿಸಿಕೊಂಡರು. ಅಲ್ಲಿಂದ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಜಪಾನಿಗೆ ಬರುವಾಗ ಚಾಂಪಿಯನ್ ಪಟ್ಟದ ಆಸೆ ಉಳಿಯಲು ಸೆನ್ನಾಗೆ ಗೆಲುವು ಬೇಕೇಬೇಕಿತ್ತು. ಶಿಕೇನ್ ಅನ್ನೋ ಅಂಕುಡೊಂಕು ತಿರುವಿನಲ್ಲಿ ಒಳಗೆ ನುಗ್ಗಿದರು, ಪ್ರಾಸ್ಟ್ ದಾರಿ ಮುಚ್ಚಿದರು, ಎರಡೂ ಕಾರು ಸಿಕ್ಕಿಕೊಂಡು ನಿಂತವು. ಪ್ರಾಸ್ಟ್ ಇಳಿದು ನಡೆದರು. ಸೆನ್ನಾ ಮಾತ್ರ ಟ್ರ್ಯಾಕ್ ಸಿಬ್ಬಂದಿಯಿಂದ ಕಾರು ತಳ್ಳಿಸಿಕೊಂಡು, ಪಕ್ಕದ ದಾರಿಯಿಂದ ಟ್ರ್ಯಾಕ್‌ಗೆ ಬಂದು, ಮುರಿದ ಮುಂಭಾಗ ಬದಲಿಸಿಕೊಂಡು, ಮುಂದಿದ್ದ ಚಾಲಕ ನನ್ನಿನಿಯನ್ನು ಹಿಂದೆ ಹಾಕಿ ಮೊದಲು ಗುರಿ ಮುಟ್ಟಿದರು! ಆಮೇಲೆ ಶಿಕೇನ್ ತಪ್ಪಿಸಿದರು ಅಂತ ಅನರ್ಹ ಮಾಡಿದರು. ಪಟ್ಟ ಪ್ರಾಸ್ಟ್‌ಗೆ ಹೋಯಿತು.

ಇದು ಅನ್ಯಾಯ ಅಂತ ನಾನು ಇವತ್ತಿಗೂ ನಂಬಿದ್ದೇನೆ. ನಿಂತ ಕಾರು ಆ ದಾರಿಯಲ್ಲಿ ಹೋದರೆ ಸೆನ್ನಾಗೆ ಲಾಭ ಏನು? ಎಷ್ಟೋ ಸೆಕೆಂಡ್ ಕಳೆದುಕೊಂಡಿದ್ದರು. ಮೆಕ್ಲಾರೆನ್ ಮೇಲ್ಮನವಿಗೆ ಹೋದರೆ ಸೆನ್ನಾಗೆ ಒಂದು ಲಕ್ಷ ಡಾಲರ್ ದಂಡ ಬಿತ್ತು, ಜೊತೆಗೆ ಆರು ತಿಂಗಳ ನಿಷೇಧದ ಬೆದರಿಕೆ. ಆಗ ರೇಸ್‌ಗಳ ಆಡಳಿತ ಸಂಸ್ಥೆಯ ಅಧ್ಯಕ್ಷ ಬಲೆಸ್ತ್ರ್, ಪ್ರಾಸ್ಟ್ ದೇಶದವರೇ. ಒಳಗೆ ಏನು ನಡೆಯಿತೋ, ಹೊರಗಿನವರಿಗೆ ಸಂಶಯ ಬರುವುದು ಸಹಜ.

ಆ ಗಾಯ ಮುಂದಿನ ವರ್ಷ ಕೀವಾಯಿತು. 1990, ಮತ್ತೆ ಸುಝುಕಾ. ಪ್ರಾಸ್ಟ್ ಈಗ ಫೆರಾರಿಯಲ್ಲಿ. ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ, ಸಿಕ್ಕಿದ ಸೆನ್ನಾಗೆ ಕೊಟ್ಟ ಜಾಗ ಟ್ರ್ಯಾಕ್‌ನ ಧೂಳಿನ ಬದಿ. ಬದಲಿಸಿ ಅಂದರೂ ಬದಲಿಸಲಿಲ್ಲ. ಮೊದಲ ತಿರುವಿನಲ್ಲೇ ಗಂಟೆಗೆ 200 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಹೋಗಿ ಪ್ರಾಸ್ಟ್ ಕಾರಿಗೆ ಗುದ್ದಿದರು. ಬೇಕಂತಲೇ ಮಾಡಿದೆ ಅಂತ 1991ರಲ್ಲಿ ಅವರೇ ಒಪ್ಪಿಕೊಂಡರು. ಸೆನ್ನಾ ಅಂದರೆ ನನಗೆ ಜೀವ, ಆದರೂ ಇದನ್ನು ಕ್ಷಮಿಸಲಾರೆ. ಹಿಂದೆ ಇಪ್ಪತ್ತಕ್ಕೂ ಹೆಚ್ಚು ಕಾರು ಬರುತ್ತಿದ್ದವು. ಒಬ್ಬರ ಪ್ರಾಣ ಹೋಗಿದ್ದರೆ? ಇಷ್ಟೆಲ್ಲ ಆದರೂ ಆ ವರ್ಷದ ಪಟ್ಟ ಸೆನ್ನಾ ಹತ್ತಿರವೇ ಉಳಿಯಿತು.

ಶೂಮಾಕರ್ ವಿಷಯದಲ್ಲೂ ಹೀಗೇ. 1994ರ ಅಡಿಲೇಡ್‌ನಲ್ಲಿ ಡೇಮನ್ ಹಿಲ್ ಜೊತೆ ಡಿಕ್ಕಿ, ಶಿಕ್ಷೆ ಇಲ್ಲ, ಒಂದೇ ಅಂಕದಲ್ಲಿ ಚಾಂಪಿಯನ್. 1997ರ ಹೆರೆಜ್‌ನಲ್ಲಿ ವಿಲ್‌ನೆವ್ ಜೊತೆ ಡಿಕ್ಕಿ, ಇಡೀ ವರ್ಷದ ಎರಡನೇ ಸ್ಥಾನವೇ ರದ್ದು. ಎರಡನೆಯದು ಸರಿಯಾದ ಶಿಕ್ಷೆ. ಹಾಗಾದರೆ ಮೊದಲನೆಯದು?

ಮಾತು 2021ರ ಅಬುಧಾಬಿಗೆ ಬಂದಾಗ ಹುಡುಗನ ದನಿ ಏರಿತು. ಅವನು ವರ್ಸ್ಟಾಪನ್ ಕಡೆ. “ಮ್ಯಾಕ್ಸ್ ಏನು ತಪ್ಪು ಮಾಡ್ಯಾನ ಕಾಕಾ?” ಅಂದ. ಏನೂ ಇಲ್ಲ, ಮ್ಯಾಕ್ಸ್ ಸಿಕ್ಕ ಅವಕಾಶ ಬಳಸಿಕೊಂಡ ಅಂದೆ. ಮ್ಯಾಕ್ಸ್ ವರ್ಸ್ಟಾಪನ್, ಹ್ಯಾಮಿಲ್ಟನ್ ಇಬ್ಬರೂ 369.5 ಅಂಕದಲ್ಲಿ ಸಮ ಇದ್ದರು. ಅಪಘಾತವಾದಾಗ ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಹಿಂದೆ ಎಲ್ಲರೂ ಸಾಗುತ್ತಿದ್ದಾಗ ರೇಸ್ ಡೈರೆಕ್ಟರ್ ಮಾಸಿ, ಒಂದು ಸುತ್ತು ಹಿಂದೆ ಬಿದ್ದವರಲ್ಲಿ ಇವರಿಬ್ಬರ ನಡುವೆ ಇದ್ದ ಐದು ಕಾರನ್ನಷ್ಟೇ ಮುಂದೆ ಬಿಟ್ಟರು. ನಿಯಮದಂತೆ ಸೇಫ್ಟಿ ಕಾರ್ ಇನ್ನೊಂದು ಸುತ್ತು ಇರಬೇಕಿತ್ತು. ಅದನ್ನೂ ಆಗಲೇ ಒಳಗೆ ಕರೆದರು. ಹ್ಯಾಮಿಲ್ಟನ್ ಹಳೆಯ ಟೈರ್‌ನಲ್ಲಿ, ಮ್ಯಾಕ್ಸ್ ಹೊಸ ಟೈರ್‌ನಲ್ಲಿ, ಉಳಿದದ್ದು ಒಂದೇ ಸುತ್ತು. ಮ್ಯಾಕ್ಸ್ ಅವರನ್ನು ಹಿಂದೆ ಹಾಕಿ ಪಟ್ಟ ಗೆದ್ದ. ಮುಂದಿನ ಫೆಬ್ರವರಿಯಲ್ಲಿ ಮಾಸಿಯನ್ನು ಆ ಜಾಗದಿಂದ ತೆಗೆದರು. ಮಾರ್ಚ್‌ನ ವರದಿ ಇದು ಮನುಷ್ಯನ ತಪ್ಪು ಅಂತ ಒಪ್ಪಿತು, ಫಲಿತಾಂಶ ಮಾತ್ರ ಸರಿಯೇ ಎಂದಿತು. ಹ್ಯಾಮಿಲ್ಟನ್‌ಗೆ ಎಂಟನೇ ಪಟ್ಟ ಇನ್ನೂ ಸಿಕ್ಕಿಲ್ಲ.