ಬೋರ್ಡಿನ ಮೇಲೆ ಒಂದೇ ಸಾಲು

ಯಾವುದಾದರೂ ಮೇಷ್ಟ್ರು ರಜೆ ಹಾಕಿದರೆ ಆ ಪೀರಿಯಡ್‌ಗೆ ಯಾರು ಬರುತ್ತಾರೆ ಎಂಬುದು ನಮಗೆಲ್ಲ ದೊಡ್ಡ ಪ್ರಶ್ನೆಯಾಗಿತ್ತು. ಪಿ.ಟಿ. ಮೇಷ್ಟ್ರು ಬಂದರೆ ಮೈದಾನ. ಹೆಡ್‌ಮಾಸ್ಟರ್ ಬಂದರೆ ಹಿಂದಿನ ಪಾಠದ ಪ್ರಶ್ನೆಗಳು. ರಸಾಯನಶಾಸ್ತ್ರದ ಮೇಷ್ಟ್ರು ಬಂದರೆ ಬೋರ್ಡಿನ ಮೇಲೆ ಒಂದೇ ಒಂದು ಸಾಲು. ಬರೆದು, ಕೈಗಂಟಿದ ಸೀಮೆಸುಣ್ಣದ ಪುಡಿ ಕೊಡವಿ, ಕುರ್ಚಿಯಲ್ಲಿ ಕೂತು ತಮ್ಮ ಪಾಡಿಗೆ ಉತ್ತರಪತ್ರಿಕೆ ತಿದ್ದಲು ಶುರುಮಾಡುತ್ತಿದ್ದರು. ಗದ್ದಲ ಮಾಡಬೇಡಿ ಎಂದು ಅವರು ಹೇಳಿದ್ದೇ ನೆನಪಿಲ್ಲ. ಆ ಸಾಲೇ ನಮ್ಮ ಬಾಯಿ ಕಟ್ಟುತ್ತಿತ್ತು.

ಪದಬಂಧದ ಸುಳಿವಿನಂಥ ಆ ಸಾಲುಗಳಲ್ಲಿ ಮೊದಲನೆಯದು ಇದು: ‘ರಾಜನನ್ನು ಹುಡುಕು (3)’.

ಆವರಣದೊಳಗಿನ 3 ಎಂದರೆ ಉತ್ತರಕ್ಕೆ ಮೂರು ಚೌಕ. ಮಯೂರ, ನೃಪತಿ, ಭೂಪತಿ ಎಂದು ನಾವು ಕೂಗಿದೆವು. ಇತಿಹಾಸದ ಪುಸ್ತಕ ತೆಗೆದವರೂ ಇದ್ದರು. ಮೇಷ್ಟ್ರು ತಲೆಯೆತ್ತದೆಯೇ, ‘ರಾಜನೇನೋ ಸಿಕ್ಕಿದ. ಹುಡುಕು ಅನ್ನೋದು ಎಲ್ಲಿಗೆ ಹೋಯಿತು?’ ಎಂದರು. ಅದಾಗಿ ಎಷ್ಟೋ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲನೆ ‘ಅರಸು’ ಅಂದಳು. ಅರಸು ಎಂದರೆ ರಾಜ, ಅರಸು ಎಂದರೆ ಹುಡುಕು. ಇಡೀ ತರಗತಿ ಒಮ್ಮೆಗೇ ‘ಓ’ ಎಂದಿತು. ಆ ‘ಓ’ ಕೇಳಲೆಂದೇ ಅವರು ಖಾಲಿ ಪೀರಿಯಡ್‌ಗಳನ್ನು ಕೇಳಿ ಪಡೆಯುತ್ತಿದ್ದರೆಂದು ನನಗೆ ಈಗ ಅನ್ನಿಸುತ್ತದೆ.

ದಿನಪತ್ರಿಕೆಯ ಸಾಮಾನ್ಯ ಪದಬಂಧ ನಮಗೆ ಗೊತ್ತಿತ್ತು. ‘ಕಮಲ’ ಎಂದು ಸುಳಿವು ಕೊಟ್ಟರೆ ‘ತಾವರೆ’ ಎಂದು ತುಂಬುವುದು. ಸಮಾನಾರ್ಥಕ ಪದ ಗೊತ್ತಿದ್ದರೆ ಬಂತು, ಇಲ್ಲದಿದ್ದರೆ ಇಲ್ಲ. ಮೇಷ್ಟ್ರ ಸಾಲುಗಳು ಕ್ರಿಪ್ಟಿಕ್ ಜಾತಿಯವು. ಅಲ್ಲಿ ಒಂದೇ ಉತ್ತರವನ್ನು ಎರಡು ಸಲ ಹೇಳಿರುತ್ತಾರೆ: ಒಮ್ಮೆ ಅರ್ಥದಿಂದ, ಇನ್ನೊಮ್ಮೆ ಆ ಪದವನ್ನು ಕಟ್ಟುವ ಬಗೆಯಿಂದ. ಅರ್ಥ ಹೇಳುವ ತುಂಡು ಸಾಲಿನ ಮೊದಲಿಗೋ ಕೊನೆಗೋ ಇರುತ್ತದೆ, ನಡುವೆ ಇರುವುದಿಲ್ಲ. ಉಳಿದದ್ದು ಕಟ್ಟುವ ವಿಧಾನ. ‘ಅರಸು’ವಿನ ಹಾಗೆ ಕೆಲವೊಮ್ಮೆ ಎರಡೂ ತುಂಡುಗಳು ಅರ್ಥವೇ ಆಗಿರುವುದುಂಟು. ಒಟ್ಟಿಗೆ ಓದಿದಾಗ ಸಾಲು ಬೇರೇನನ್ನೋ ಹೇಳುವಂತೆ ಕಾಣುತ್ತದೆ. ಬಿಡಿಸುವವರ ಕೆಲಸವೆಲ್ಲ ಅದನ್ನು ಎಲ್ಲಿ ಮುರಿಯಬೇಕು ಎಂದು ಕಂಡುಹಿಡಿಯುವುದರಲ್ಲೇ ಇದೆ. ಒಗಟಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಒಗಟಿಗೆ ಹೊಳೆದ ಉತ್ತರ ಸರಿಯೋ ಎಂದು ಒಗಟು ಹೇಳಿದವರನ್ನೇ ಕೇಳಬೇಕು. ಇಲ್ಲಿ ಎರಡು ದಾರಿಯೂ ಒಂದೇ ಪದಕ್ಕೆ ಬಂದು ಮುಟ್ಟಿದರೆ ಯಾರನ್ನೂ ಕೇಳಬೇಕಾಗಿಲ್ಲ.

ಅದಕ್ಕೇ ಮೇಷ್ಟ್ರು ಬರೀ ಉತ್ತರಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ‘ಯಾಕೆ?’ ಎಂಬುದು ಅವರ ಮರುಪ್ರಶ್ನೆ. ‘ನಡು ಕುಸಿದ ನಗರದಲ್ಲಿ ಮನುಷ್ಯ (2)’ ಎಂಬುದಕ್ಕೆ ಒಬ್ಬ ತಟಕ್ಕನೆ ‘ನರ’ ಎಂದ. ಯಾಕೆ ಎಂದರೆ ಬಾಯಿಬಿಡಲಿಲ್ಲ. ನಗರದ ನಡುವಿನ ‘ಗ’ ಬಿದ್ದುಹೋದರೆ ನರ ಉಳಿಯುತ್ತಾನೆ ಎಂದು ಪಕ್ಕದವನು ವಿವರಿಸಿದ ಮೇಲೆ ಅಂಕ ಪಕ್ಕದವನಿಗೇ ಹೋಯಿತು. ರಸಾಯನಶಾಸ್ತ್ರದಲ್ಲೂ ಅವರದು ಅದೇ ಚಾಳಿ. ಸಮೀಕರಣ ಬರೆದರೆ ಸಾಲದು, ಸರಿದೂಗಿಸಬೇಕು.

ಒಂದೊಂದಾಗಿ ಬಗೆಗಳು ಪರಿಚಯವಾದವು. ‘ತಲೆ ಹೋದ ಯುದ್ಧದಲ್ಲಿ ವೃಕ್ಷ (2)’ ಎಂದರೆ ಸಮರದ ಮೊದಲಕ್ಷರ ಹಾರಿಸಿ ‘ಮರ’. ‘ಸಾರ ತಿರುಗಿಸಿದರೆ ಕೊರಳಿಗೊಂದು ಆಭರಣ (2)’ ಎಂದರೆ ರಸ ತಿರುಗಿ ‘ಸರ’. ‘ಲೋಕವಿಹಾರಿಯೊಳಗೆ ಅಡಗಿದ ಪದ್ಯಕಾರ (2)’ ಎಂಬುದರಲ್ಲಿ ಉತ್ತರ ಕಣ್ಣೆದುರಿಗೇ ಕೂತಿದೆ. ‘ಕನ್ನಡದ ತಲೆಗೆ ಕಾಡು ಅಂಟಿದರೆ ಪದ್ಯ (3)’ ಎಂಬುದಕ್ಕೆ ಕ, ಅದರ ಪಕ್ಕದಲ್ಲಿ ವನ: ‘ಕವನ’. ಒಂದಿಷ್ಟು ದಿನಗಳಲ್ಲಿ ನಮಗೆ ಕೆಲವು ಮಾತುಗಳು ಕಂಡರೆ ಕಿವಿ ನಿಮಿರತೊಡಗಿತು. ತಲೆ, ಬಾಲ, ನಡು, ಹಿಂದುಮುಂದು, ಒಳಗೆ, ಮುರಿದ, ಕಲಕಿದ, ಗೊಂದಲ. ಇವೆಲ್ಲ ಸಾಲಿನಲ್ಲಿ ಸುಮ್ಮನೆ ಬಂದಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಮಗನ ಗೊಂದಲದಲ್ಲಿ ಲಕ್ಷ್ಯ (3)’. ಓದಿದ ಕೂಡಲೇ ಯಾರೋ ತಂದೆ, ಯಾರೋ ಮಗ, ಮನೆಯೊಳಗಿನ ಏನೋ ಚಿಂತೆ ಕಣ್ಣಿಗೆ ಬರುತ್ತದೆ. ಅದನ್ನೆಲ್ಲ ಆಚೆ ತಳ್ಳಿ ‘ಮಗನ’ ಎಂಬ ಮೂರಕ್ಷರವನ್ನಷ್ಟೇ ನೋಡಬೇಕು. ಗೊಂದಲ ಎಂದರೆ ಅಕ್ಷರಪಲ್ಲಟ. ಮ, ಗ, ನ ಕಲಕಿದರೆ ಗಮನ. ಗಮನವೆಂದರೆ ಲಕ್ಷ್ಯ. ಕನ್ನಡದಲ್ಲಿ ಇಂಥ ಸುಳಿವು ಹೊಸೆಯುವುದು ಎಷ್ಟು ಕಷ್ಟ ಎಂಬುದು ಆಗ ತಿಳಿದಿರಲಿಲ್ಲ. ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುತ್ತವೆ. ‘ಮಗ’ನನ್ನು ಕಲಕಬೇಕೆಂದರೆ ‘ಮಗನನ್ನು’ ಎಂದಾಗಿ ಅಕ್ಷರಗಳ ಲೆಕ್ಕವೇ ತಪ್ಪುತ್ತದೆ. ಈ ಸುಳಿವಿನಲ್ಲಿ ಆ ಪ್ರತ್ಯಯವೇ ಕಚ್ಚಾವಸ್ತುವಾಗಿದೆ. ಮೇಷ್ಟ್ರಿಗೆ ಇದು ಒಂದು ದಿನದಲ್ಲಿ ಹೊಳೆದಿರಲಾರದು.

ಇದರ ಮೇಲೆ ಜಗಳವೂ ಆಗುತ್ತಿತ್ತು. ‘ರಾಜನನ್ನು ಹುಡುಕು’ ಎಂಬುದು ನ್ಯಾಯವಾದ ಸುಳಿವೇ ಅಲ್ಲ ಎಂದು ನಮ್ಮಲ್ಲೊಬ್ಬಳು ವಾದಕ್ಕಿಳಿದಳು. ಅರಸು ಎಂದರೆ ರಾಜ, ‘ರಾಜನನ್ನು’ ಅಲ್ಲ. ಆ ‘ಅನ್ನು’ ಯಾರ ಲೆಕ್ಕಕ್ಕೆ? ಮೇಷ್ಟ್ರು ಪೆನ್ನು ಕೆಳಗಿಟ್ಟು ಆಫ್ರಿಟ್ ಎಂಬ ಗುಪ್ತನಾಮದ ಎ. ಎಫ್. ರಿಚಿಯ ಮಾತೊಂದನ್ನು ಹೇಳಿದರು. ಆತ 1949ರಲ್ಲಿ ತನ್ನ ಪದಬಂಧಗಳ ಸಂಗ್ರಹಕ್ಕೆ ಬರೆದ ನಿಯಮ ಅದು. ಸುಳಿವು ಕೊಡುವವನು ಹೇಳಿದ್ದೇ ಅವನ ಮನಸ್ಸಿನಲ್ಲಿ ಇರಬೇಕೆಂದಿಲ್ಲ. ಆದರೆ ಮನಸ್ಸಿನಲ್ಲಿ ಇರುವುದನ್ನು ಅವನು ಹೇಳಿಯೇ ಇರಬೇಕು. ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ. ‘ಹಾಗೆ ನೋಡಿದರೆ ನೀನು ಹೇಳಿದ್ದೇ ಸರಿ’ ಎಂದು ಬೋರ್ಡಿನ ಮೇಲೆ ತಿದ್ದಿದರು: ‘ರಾಜ, ಹುಡುಕು! (3)’. ನನ್ನ ಮಟ್ಟಿಗೆ ಹಳೆಯ ರೂಪವೇ ಚೆಂದ. ವ್ಯಾಕರಣಕ್ಕೆ ಒಂದು ಕೂದಲೆಳೆ ವಿನಾಯಿತಿ ಕೊಟ್ಟರೂ ನಡೆದೀತು ಎಂಬ ಪಕ್ಷ ನನ್ನದು.

ಒಂಬತ್ತನೇ ತರಗತಿಯ ಹೊತ್ತಿಗೆ ನಮ್ಮನ್ನು ಇಂಗ್ಲಿಷ್ ಪತ್ರಿಕೆಯ ಕ್ರಿಪ್ಟಿಕ್ ಪದಬಂಧದ ಮುಂದೆ ಕೂರಿಸಿದರು. ಲೈಬ್ರರಿಯ ಪತ್ರಿಕೆಯಲ್ಲಿ ಬರೆಯುವಂತಿರಲಿಲ್ಲವಾದ್ದರಿಂದ ಚೌಕಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆವು. ಅಲ್ಲಿನ ರೂಢಿಗಳೇ ಬೇರೆ. ನಾವಿಕ ಎಂದರೆ ಎ-ಬಿ ಅಥವಾ ಟಿ-ಎ-ಆರ್. ದಿಕ್ಕು ಎಂದರೆ ಎನ್, ಎಸ್, ಇ, ಡಬ್ಲ್ಯು ಇವುಗಳಲ್ಲೊಂದು. ಕೆಲಸಗಾರ ಎಂದರೆ ಇರುವೆ ಇಲ್ಲವೇ ಜೇನು. ‘ಡಕ್’ ಮತ್ತು ‘ಲವ್’ ಎರಡೂ ಓ ಅಕ್ಷರ; ಒಂದು ಕ್ರಿಕೆಟ್ಟಿನ ಸೊನ್ನೆ, ಇನ್ನೊಂದು ಟೆನಿಸ್ಸಿನದು. ‘ಫ್ಲವರ್’ ಎಂದು ಬರೆದು ನದಿಯ ಹೆಸರು ಕೇಳುತ್ತಾರೆ: ಹರಿಯುವುದು ‘ಫ್ಲೋ’, ಹರಿಯುವಂಥದ್ದು ‘ಫ್ಲೋ-ಅರ್’, ಬರೆದಾಗ ಹೂವಿಗೂ ಅದಕ್ಕೂ ಅದೇ ಅಕ್ಷರಗಳು. ಬರೆದಂತೆ ಓದುವ ಕನ್ನಡದಲ್ಲಿ ಈ ಚಮತ್ಕಾರ ನಡೆಯುವುದಿಲ್ಲ.

ಇಂಗ್ಲಿಷಿನ ಅಕ್ಷರಪಲ್ಲಟ ಕಷ್ಟವೇಕೆ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ನಮ್ಮ ನಾಲ್ಕಕ್ಷರದ ಪದವನ್ನು ಕಲಕಿದರೆ ಹೆಚ್ಚೆಂದರೆ 24 ಜೋಡಣೆ. ಅವರ ಎಂಟಕ್ಷರದ ಪದಕ್ಕೆ, ಅಕ್ಷರಗಳೆಲ್ಲ ಬೇರೆಬೇರೆಯಾಗಿದ್ದರೆ, 40,320. ಮೇಲಾಗಿ ಕನ್ನಡದಲ್ಲಿ ಅಡ್ಡ ಹಾಯುವ ಪದದಿಂದ ಒಂದು ಚೌಕ ತುಂಬಿದರೆ ವ್ಯಂಜನದ ಜೊತೆಗೆ ಸ್ವರ, ಒತ್ತು ಎಲ್ಲ ಸೇರಿಯೇ ಸಿಗುತ್ತವೆ. ಇಂಗ್ಲಿಷಿನಲ್ಲಿ ಬರೀ ‘ಇ’ ಸಿಕ್ಕಿದರೆ ಸಿಕ್ಕಷ್ಟೇ ಸಂತೋಷ. ಅದೇ ದಿನ ಅವರು ತೋರಿಸಿದ ಇನ್ನೊಂದು ಜೋಡಿ: ‘ಇಲೆವನ್ ಪ್ಲಸ್ ಟೂ’, ‘ಟ್ವೆಲ್ವ್ ಪ್ಲಸ್ ಒನ್’. ಕೂಡಿದರೆ ಎರಡೂ ಹದಿಮೂರು. ಇಂಗ್ಲಿಷಿನಲ್ಲಿ ಬರೆದು ಅಕ್ಷರ ಎಣಿಸಿದರೂ ಹದಿಮೂರೇ, ಎರಡರಲ್ಲೂ ಅವೇ ಅಕ್ಷರಗಳು. ನಂಬದವರು ಹೊಡೆದುಹಾಕುತ್ತಾ ಹೋಗಿ ನೋಡಬಹುದು.

ಅವರ ಪ್ರಾಣಕ್ಕೆ ಪ್ರಾಣವಾದ ಸುಳಿವು ಮಾತ್ರ ಬಹಳ ಹಳೆಯದು, ಪದಬಂಧದವರೆಲ್ಲರಿಗೂ ಗೊತ್ತಿರುವಂಥದ್ದು. ‘ಎಚ್, ಐ, ಜೆ, ಕೆ, ಎಲ್, ಎಂ, ಎನ್, ಓ (5)’ ಎಂದಷ್ಟೇ ಬರೆದರು. ಅರ್ಥವೂ ಇಲ್ಲ, ವಿಧಾನವೂ ಇಲ್ಲ, ಬರೀ ವರ್ಣಮಾಲೆಯ ಒಂದು ತುಂಡು. ಎಚ್‌ನಿಂದ ಓವರೆಗೆ. ಎಚ್ ಟು ಓ. ಉತ್ತರ ‘ವಾಟರ್’. ರಸಾಯನಶಾಸ್ತ್ರದ ತರಗತಿಯಲ್ಲಿ ಕೂತವರಿಗೇ ಅದು ಹೊಳೆಯಲಿಲ್ಲವೆಂದು ಅವರು ನಕ್ಕ ನಗು ಪಕ್ಕದ ಕೋಣೆಗೂ ಕೇಳಿಸಿರಬೇಕು.

ಕಥೆಗಳೂ ಇದ್ದವು. ಆರ್ಥರ್ ವಿನ್ ಎಂಬಾತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕಾರದ ಪದಬಂಧವೊಂದನ್ನು ಪ್ರಕಟಿಸಿದ. ಅದರಲ್ಲಿ ಕಪ್ಪು ಚೌಕಗಳಿರಲಿಲ್ಲ, ಕ್ರಿಪ್ಟಿಕ್ ಸುಳಿವುಗಳೂ ಇರಲಿಲ್ಲ. ಸುಳಿವು ವಕ್ರವಾಗಿದ್ದು ಇಂಗ್ಲೆಂಡಿನಲ್ಲಿ. ಯುದ್ಧಕಾಲದಲ್ಲಿ, 1942ರ ಜನವರಿಯಲ್ಲಿ, ‘ಡೈಲಿ ಟೆಲಿಗ್ರಾಫ್’ ತನ್ನ ಪದಬಂಧವನ್ನು 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ನಡೆಸಿತು. ಅದರಲ್ಲಿ ಕೂತ ಕೆಲವರಿಗೆ ಆಮೇಲೆ ಸರ್ಕಾರದಿಂದ ಪತ್ರ ಹೋಗಿ, ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನ್ ಸಂಕೇತಗಳನ್ನು ಒಡೆಯುವ ಕೆಲಸ ಸಿಕ್ಕಿತು.

ಅದಕ್ಕಿಂತ ನಮಗೆ ರುಚಿಸಿದ್ದು ಲಿಯೊನಾರ್ಡ್ ಡಾ ಅವರ ಕಥೆ, ಏಕೆಂದರೆ ಅವರು ಶಾಲೆಯೊಂದರ ಹೆಡ್‌ಮಾಸ್ಟರ್. 1944ರ ಮೇ ತಿಂಗಳಲ್ಲಿ ಅವರು ‘ಟೆಲಿಗ್ರಾಫ್’ಗೆ ಕಟ್ಟಿದ ಪದಬಂಧಗಳ ಉತ್ತರಗಳಲ್ಲಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬೆರಿ ಎಂಬ ಪದಗಳು ಬಂದವು, ಜೂನ್ 1ರಂದು ನೆಪ್ಚೂನ್. ಎಲ್ಲವೂ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಮಿತ್ರಪಡೆಗಳು ನಡೆಸಲಿದ್ದ ದಾಳಿಯ ಗುಪ್ತನಾಮಗಳು. ದಾಳಿ ನಡೆದದ್ದು ಜೂನ್ 6ರಂದು. ಗುಪ್ತಚರರು ಬಂದು ಹೆಡ್‌ಮಾಸ್ಟರರನ್ನು ವಿಚಾರಿಸಿ, ಗೂಢಚಾರಿಕೆಯೇನೂ ಕಾಣದೆ ಹಿಂದಿರುಗಿದರು. ಕಾಕತಾಳೀಯ ಎಂದೇ ಮೇಷ್ಟ್ರು ನಮಗೆ ಹೇಳಿದ್ದರು. ಅದರ ಬಾಲವನ್ನು ನಾನು ಓದಿದ್ದು ಬಹಳ ಕಾಲದ ನಂತರ. 1984ರಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿ ರೊನಾಲ್ಡ್ ಫ್ರೆಂಚ್, ಖಾಲಿ ಚೌಕಗಳಿಗೆ ಪದ ತುಂಬಿಕೊಡಲು ಹೆಡ್‌ಮಾಸ್ಟರ್ ಹುಡುಗರಿಗೆ ಹೇಳುತ್ತಿದ್ದರೆಂದೂ, ಹತ್ತಿರದ ಶಿಬಿರಗಳ ಸೈನಿಕರ ಬಾಯಲ್ಲಿ ಕೇಳಿದ ಪದಗಳನ್ನು ತಾನು ತುಂಬಿದ್ದೆನೆಂದೂ ಹೇಳಿದ. ಪದ ಹುಡುಗರದು, ಸುಳಿವು ಮೇಷ್ಟ್ರದು! ಎಲ್ಲರೂ ಇದನ್ನು ಒಪ್ಪಿದ್ದಾರೆಂದಲ್ಲ. ಶಾಲೆಯ ಹುಡುಗರನ್ನು ಬಲ್ಲ ನಾನು ಒಪ್ಪುತ್ತೇನೆ.

ಸುಳಿವು ಕಟ್ಟುವವರು ತಮ್ಮ ಹೆಸರನ್ನೂ ಬಚ್ಚಿಡುತ್ತಾರೆ. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಪದಬಂಧ ಕಟ್ಟಿದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಇಟ್ಟುಕೊಂಡದ್ದು ಟಾರ್ಕೆಮಾಡ ಎಂಬ ಹೆಸರು. ಸ್ಪೇನಿನ ಧರ್ಮವಿಚಾರಣೆಯಲ್ಲಿ, ಅಂದರೆ ಚರ್ಚಿನ ಮತಕ್ಕೆ ವಿರುದ್ಧ ಎಂದವರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ನ್ಯಾಯಾಲಯದಲ್ಲಿ, ಚಿತ್ರಹಿಂಸೆಗೆ ಹೆಸರಾದವನದು. ಅವರ ನಂತರ ಬಂದವರು ಇನ್ನೊಬ್ಬ ಅಂಥದೇ ವಿಚಾರಕನ ಹೆಸರು ಹಿಡಿದು ಝಿಮೆನೀಸ್ ಆದರು. 1972ರಲ್ಲಿ ಬಂದವರು ಡೇಝಾ ಎಂಬ ವಿಚಾರಕನ ಹೆಸರಿನ ಅಕ್ಷರಗಳನ್ನು ತಿರುಗಿಸಿ ಅಝೆಡ್ ಎಂದಿಟ್ಟುಕೊಂಡರು. ಅದರಲ್ಲಿ ‘ಎ’ಯಿಂದ ‘ಝೆಡ್’ವರೆಗೆ ಎಂಬುದೂ ಸೇರಿಕೊಂಡಿತು. ‘ಗಾರ್ಡಿಯನ್’ನ ಅರೌಕೇರಿಯ ಎಂದರೆ ಜಾನ್ ಗ್ರಹಾಂ ಎಂಬ ಪಾದ್ರಿ. 2013ರ ಜನವರಿಯಲ್ಲಿ, 91ರ ವಯಸ್ಸಿನಲ್ಲಿ, ತಮ್ಮ ಪದಬಂಧವೊಂದರ ತಲೆಬರಹದಲ್ಲಿ ಅವರು ಬರೆದದ್ದು ಇಷ್ಟೇ: ಅರೌಕೇರಿಯನಿಗೆ 19ರ 18 ಇದೆ, ಅದಕ್ಕೆ ಚಿಕಿತ್ಸೆ 13–15. ಬಿಡಿಸಿದವರಿಗೆ 18 ಕ್ಯಾನ್ಸರ್ ಎಂದೂ, 19 ಅನ್ನನಾಳವೆಂದೂ, 13–15 ಉಪಶಾಮಕ ಆರೈಕೆಯೆಂದೂ ತಿಳಿಯಿತು. ಆ ವರ್ಷದ ನವೆಂಬರಿನಲ್ಲಿ ಅವರು ತೀರಿಕೊಂಡರು. ಈ ಸುದ್ದಿಯನ್ನು ನಾನು ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು, ‘ಉಳಿದ ಸುಳಿವುಗಳು ಹೇಗಿದ್ದವು?’ ಎಂದು. ಅದನ್ನು ನಿರ್ದಯೆ ಎಂದು ತಿಳಿಯಬೇಡಿ. ಆ ಪಾದ್ರಿಗೂ ಅದೇ ಪ್ರಶ್ನೆ ಹಿತವೆನಿಸಿರುತ್ತಿತ್ತು.

ನಮ್ಮ ತಂಡದ ಕೆಲವರು ಈಗಲೂ ಕನ್ನಡದಲ್ಲಿ ಸುಳಿವು ಕಟ್ಟಿ ಅವರಿಗೆ ಕಳಿಸುತ್ತೇವೆ. ಗೆಳೆಯನೊಬ್ಬ ‘ಜೀವದ ಮೊದಲರ್ಧ ಕಾಡು ಸೇರಿದರೆ ಬಾಳು (3)’ ಎಂದು ಬಹಳ ಹೆಮ್ಮೆಯಿಂದ ಕಳಿಸಿದ. ಜೀ, ಅದರ ಮುಂದೆ ವನ: ಜೀವನ. ಓದಲು ಎಷ್ಟು ಚೆಂದ! ಮೇಷ್ಟ್ರು ಒಪ್ಪಲಿಲ್ಲ. ಜೀವ, ಜೀವನ ಒಂದೇ ಬೇರಿನವು. ಸುಳಿವಿನಲ್ಲೇ ಉತ್ತರದ ಅರ್ಧವನ್ನು ಕೈಗೆ ಕೊಟ್ಟಹಾಗಾಯಿತು ಎಂದರು. ‘ಬೇರೆ ಜೀ ಹುಡುಕು’ ಎಂದು ಹಿಂದಕ್ಕೆ ಕಳಿಸಿದ್ದಾರೆ, ಅವನಿನ್ನೂ ಹುಡುಕುತ್ತಿದ್ದಾನೆ. ನನ್ನದೊಂದಕ್ಕೆ ಮಾತ್ರ ತಕರಾರಿಲ್ಲದೆ ಒಪ್ಪಿಗೆ ಸಿಕ್ಕಿದೆ: ‘ಆರಾದ ಮೇಲೆ ಮಲಗಿರಬೇಡ (2)’. ಹಾಸ್ಟೆಲ್ ವಾರ್ಡನ್ ಮಾತಿನಂತೆ ಕೇಳಿಸುತ್ತದೆ ಎಂದರು. ಉತ್ತರ ಇಲ್ಲಿ ಕೊಡುವುದಿಲ್ಲ, ಈ ವರ್ಷದ ಎಂಟನೇ ತರಗತಿಯವರು ಬಿಡಿಸಲಿ. ಯಾಕೆ ಎಂಬುದನ್ನೂ ಬರೆಯಬೇಕು.