ಫೆಂಗಲ್, ಹಣ್ಣಾದ ಹುಳ ಮತ್ತು ಶಾಮಿಯಾನದವರ ಜನರೇಟರ್

ಚಂಡಮಾರುತ ಅಂದರೆ ಸಮುದ್ರದವರ ಕಷ್ಟ ಅಂತ ನಮ್ಮ ಕಡೆ ಒಂದು ನಂಬಿಕೆ. ಟೀವಿಯವರೂ ಹಾಗೇ ತೋರಿಸುತ್ತಾರೆ. ಅಲೆ, ದೋಣಿ, ರೈನ್‌ಕೋಟ್ ಹಾಕಿಕೊಂಡು ಗಾಳಿಗೆ ಓಲಾಡುವ ವರದಿಗಾರ. ತೀರ ದಾಟಿತು ಅಂದ ಕೂಡಲೇ ಸುದ್ದಿ ಮುಗಿಯುತ್ತೆ. ದಾಟಿದ್ದು ಎಲ್ಲಿಗೆ ಹೋಯಿತು ಅಂತ ಯಾರೂ ಹೇಳಲ್ಲ. ನಮ್ಮ ತಲೆ ಮೇಲೇ ಬರುತ್ತೆ, ಇನ್ನೆಲ್ಲಿಗೆ ಹೋಗುತ್ತೆ!

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿಗೂ ಪುದುಚೇರಿಗೂ ಇನ್ನೂರೈವತ್ತು ಕಿಲೋಮೀಟರ್‌ಗಿಂತ ಜಾಸ್ತಿ ದೂರ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಅನ್ನೋ ಚಂಡಮಾರುತ ಅಲ್ಲಿ ತೀರ ದಾಟಿತು. ದಾಟಿದ್ದು ಮುಂದಕ್ಕೆ ಹೋಗದೆ ಗಂಟೆಗಟ್ಟಲೆ ಅಲ್ಲೇ ನಿಂತು ಪುದುಚೇರಿ ಮೇಲೆ ಒಂದೇ ದಿನಕ್ಕೆ ಸುಮಾರು 48 ಸೆಂಟಿಮೀಟರ್ ಮಳೆ ಸುರಿಸಿತು. ಆಮೇಲೆ ಬಲ ಕಳೆದುಕೊಂಡು ಪಶ್ಚಿಮಕ್ಕೆ ಹೊರಟಿತು. ಕೋಲಾರದ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಊತಂಗರೈನಲ್ಲಿ 50 ಸೆಂಟಿಮೀಟರ್ ಮಳೆ. ಡಿಸೆಂಬರ್ 2ರಂದು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಶಾಲೆಗಳಿಗೆ ರಜೆ ಕೊಟ್ಟರು. ನಮ್ಮಲ್ಲಿ ಅಷ್ಟೆಲ್ಲ ಸುರಿಯಲಿಲ್ಲ. ಆದರೆ ಬಿಡಲೂ ಇಲ್ಲ. ಜಡಿ ಮಳೆ, ಮೈ ಕೊರೆಯುವ ಗಾಳಿ. ನೆಲ ನೆನೆದು ಮೆತ್ತಗಾಗಿ ಕೆರೆ ಏರಿ ಪಕ್ಕದ ನೀಲಗಿರಿ ಮರ ಬೇರು ಸಮೇತ ಕಿತ್ತುಕೊಂಡು ಕರೆಂಟ್ ಲೈನ್ ಮೇಲೆ ಬಿತ್ತು. ಅದರ ಜೊತೆ ಕಂಬಗಳೂ ಒಂದರ ಹಿಂದೆ ಒಂದು ಒರಗಿದವು. (ನೀಲಗಿರಿ ಹೊಸದಾಗಿ ನೆಡಬಾರದು ಅಂತ ಸರ್ಕಾರ 2017ರಲ್ಲೇ ಹೇಳಿದೆ. ಮೊದಲಿಂದ ನಿಂತಿರೋ ಮರಗಳನ್ನ ಯಾರು ಕೇಳ್ತಾರೆ?)

ಕರೆಂಟ್ ಎಷ್ಟು ಹೊತ್ತಿಗೆ ಬರುತ್ತೆ ಅಂತ ಮೊದಲು ಕೇಳಿದೆವು. ಆಮೇಲೆ ಯಾವತ್ತು ಬರುತ್ತೆ ಅಂತ ಕೇಳತೊಡಗಿದೆವು.

ನಮ್ಮನೆಯಲ್ಲಿ ಆಗ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೇ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮೊದಲು ಹೊಟ್ಟೆ ತುಂಬಿಸಿಕೊಳ್ಳುವ ವಾರ. ಒಂದು ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗ ಈ ಒಂದು ವಾರದಲ್ಲೇ ಖಾಲಿಯಾಗುತ್ತೆ. ಹುಳುಮನೆ 24–25 ಡಿಗ್ರಿ ಬೆಚ್ಚಗಿರಬೇಕು. ತೇವ ಜಾಸ್ತಿ ಆಗಬಾರದು. ಗಾಳಿ ಆಡಬೇಕು. ಹೀಟರ್, ಫ್ಯಾನ್ ಎಲ್ಲ ಇತ್ತು. ಎಲ್ಲಕ್ಕೂ ಕರೆಂಟ್ ಬೇಕಲ್ಲ.

ನನ್ನ ಅಕ್ಕನ ಮಗ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾನೆ. ಟವರ್ ಬ್ಯಾಟರಿ ಸಾಯುವ ಮುಂಚೆ ಅವನ ಫೋನ್ ಬಂತು. ಅದೇ ವರ್ಷ ಜುಲೈ 8ರಂದು ಅವನೂರಿಗೆ ಬೆರಿಲ್ ಅನ್ನೋ ಹರಿಕೇನ್ ಬಡಿದಿತ್ತು. ಇಪ್ಪತ್ತೆರಡು ಲಕ್ಷಕ್ಕೂ ಜಾಸ್ತಿ ಮನೆ ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ಸುಡು ಬಿಸಿಲಲ್ಲಿ ಕೆಲವರು ವಾರಕ್ಕೂ ಮೇಲೆ ಹಾಗೇ ಇದ್ದರಂತೆ. ಹಾಗಾಗಿ ಈ ವಿಷಯದಲ್ಲಿ ತಾನೇ ದೊಡ್ಡವನು ಅನ್ನೋ ಹಾಗೆ ಶುರು ಮಾಡಿದ.

"ಚಿಕ್ಕಮ್ಮ, ಮೊದಲು ಫ್ರಿಜ್ ಬಾಗಿಲು ತೆಗೀಬೇಡಿ. ಮುಚ್ಚೇ ಇದ್ರೆ ನಾಲ್ಕು ಗಂಟೆ ತಣ್ಣಗಿರುತ್ತೆ."

ನಮ್ಮ ಫ್ರಿಜ್‌ನಲ್ಲಿ ಏನಿತ್ತು? ಒಂದು ಬಟ್ಟಲು ಮೊಸರು, ಹಿತಕಿದ ಅವರೆಬೇಳೆ, ಹಸುವಿಗೆ ಅಂತ ತಂದಿಟ್ಟ ಔಷಧಿ. ಬೇಳೆ ಆ ರಾತ್ರಿಯೇ ಸಾರಾಯಿತು. ಅವನ ಪಟ್ಟಿಯಲ್ಲಿ ಐಸ್, ಎಸಿ, ವೈಫೈ. ನಮ್ಮ ಪಟ್ಟಿಯಲ್ಲಿ ನೀರು, ಸೊಪ್ಪು, ಹಾಲು. ಬೆಳಕು ಅನ್ನೋದು ಯಾವ ಪಟ್ಟಿಯಲ್ಲೂ ಮೇಲೆ ಇರಲಿಲ್ಲ ನೋಡಿ. ಕತ್ತಲಲ್ಲಿ ಊಟ ಮಾಡಬಹುದು.

ಅವನು ಹೇಳಿದ್ದರಲ್ಲಿ ಒಂದು ಮಾತ್ರ ನನಗೆ ಬಹಳ ಇಷ್ಟವಾಯಿತು. ಯಾವ ಏರಿಯಾದಲ್ಲಿ ಕರೆಂಟ್ ಇದೆ ಅಂತ ತಿಳಿಯೋಕೆ ಅಲ್ಲಿನ ಜನ ಒಂದು ಬರ್ಗರ್ ಅಂಗಡಿಯ ಆ್ಯಪ್ ನೋಡುತ್ತಿದ್ದರಂತೆ. ಯಾವ ಬ್ರ್ಯಾಂಚ್ ತೆರೆದಿದೆ ಅಂತ ತೋರಿಸುತ್ತೋ ಅಲ್ಲಿ ಕರೆಂಟ್ ಬಂದಿದೆ ಅಂತ ಲೆಕ್ಕ. ನಮ್ಮೂರಲ್ಲಿ ಅದಕ್ಕೆ ಪಕ್ಕದೂರಿನ ದೇವಸ್ಥಾನದ ಮೈಕ್ ಇದೆ. ಬೆಳಗಿನ ಜಾವ ಸುಪ್ರಭಾತ ಕೇಳಿಸಿದರೆ ಅವರ ಫೀಡರ್ ಬಂದಿದೆ, ನಮ್ಮದಿನ್ನೂ ಇಲ್ಲ ಅಂತ ಗೊತ್ತಾಗುತ್ತೆ. ದೇವರ ಹಾಡು ಕೇಳಿ ಹೊಟ್ಟೆ ಉರಿದದ್ದು ಅದೇ ಮೊದಲು.

ನೀರಿನ ಕಥೆ ಹೇಳಲೇಬೇಕು. ನಮ್ಮ ಕಡೆ ಕೊಳವೆಬಾವಿ ಅಂದರೆ ಸಾವಿರ ಅಡಿ ಮೇಲೆ, ಸಾವಿರದ ಇನ್ನೂರು, ಸಾವಿರದ ಐನೂರು. ಕೈಯಲ್ಲಿ ಸೇದೋ ಬಾವಿ ಎಲ್ಲಿದೆ? ಇದ್ದ ಬಾವಿಗಳಿಗೆ ಕಸ ಹಾಕಿ ಎಷ್ಟೋ ವರ್ಷವಾಯಿತು. ತ್ರೀ ಫೇಸ್ ಬಂದರೆ ಮೋಟರ್, ಮೋಟರ್ ಓಡಿದರೆ ಟ್ಯಾಂಕ್, ಟ್ಯಾಂಕ್ ತುಂಬಿದರೆ ನಲ್ಲಿ. ನೀರುಗಂಟಿ ಟ್ಯಾಂಕ್‌ನಲ್ಲಿ ಉಳಿದಿದ್ದ ನೀರನ್ನು ಬೀದಿಗೆ ಇಷ್ಟು ಹೊತ್ತು ಅಂತ ಬಿಟ್ಟು ವಾಲ್ವ್ ತಿರುಗಿಸಿಬಿಟ್ಟ. ಅವನ ಜೊತೆ ಜಗಳಕ್ಕೆ ಹೋದವರೂ ಇದ್ದರು. ಅವನು ಹಾಗೆ ಮಾಡದಿದ್ದರೆ ಮೇಲಿನ ಬೀದಿಗೆ ಒಂದು ಕೊಡವೂ ಸಿಗುತ್ತಿರಲಿಲ್ಲ. ಶುದ್ಧ ನೀರಿನ ಘಟಕವೂ ಬಂದ್. ನಮ್ಮ ನೀರಲ್ಲಿ ಫ್ಲೋರೈಡ್ ಇರೋದಕ್ಕೆ ಅಲ್ವಾ ಆ ಘಟಕ ಹಾಕಿಸಿದ್ದು? ಕಾಯಿನ್ ಹಾಕಿದರೆ ಕ್ಯಾನ್ ತುಂಬುವ ಆ ಪೆಟ್ಟಿಗೆ ಮುಂದೆ ಜನ ಕ್ಯಾನ್ ಸಾಲಾಗಿ ಇಟ್ಟು ಹೋಗಿದ್ದರು, ಕರೆಂಟ್ ಬಂದಾಗ ತಮ್ಮ ಸರದಿ ತಪ್ಪಬಾರದು ಅಂತ.

ಆಕಾಶದಿಂದ ಸುರಿಯುತ್ತಲೇ ಇದೆ, ಕುಡಿಯೋಕೆ ನೀರಿಲ್ಲ. ನಮ್ಮ ಅತ್ತೆಗೆ ಇದರಲ್ಲಿ ಯಾವ ವಿಚಿತ್ರವೂ ಕಾಣಲಿಲ್ಲ. ಅಟ್ಟದಿಂದ ತಾಮ್ರದ ಹಂಡೆ ಇಳಿಸಿದರು. ಮೊದಲ ಮಳೆಯ ನೀರು ತಾರಸಿ ತೊಳೆದು ಹೋಗಿತ್ತು, ಈಗ ಪೈಪ್‌ನಿಂದ ಬೀಳೋದು ತಿಳಿಯಾಗಿದೆ ಅಂತ ಅಂಗೈಯಲ್ಲಿ ಹಿಡಿದು ನೋಡಿದರು. ಬಿಳಿ ಪಂಚೆ ನಾಲ್ಕು ಮಡಿಕೆ ಮಾಡಿ ಹಂಡೆ ಬಾಯಿಗೆ ಕಟ್ಟಿದರು. ಬಕೆಟ್, ಹಾಲಿನ ಕ್ಯಾನ್, ಕುಕ್ಕರ್ ಎಲ್ಲ ಸಾಲಾಗಿ ನಿಂತವು. ಕುಡಿಯೋದನ್ನು ಕುದಿಸಿ ಸೋಸಿದೆವು. ಆ ನೀರಲ್ಲಿ ಕಾಯಿಸಿದ ಟೀ ರುಚಿಯೇ ಬೇರೆ, ನಿಜವಾಗಲೂ. ಹಸುಗಳಿಗೂ ಅದೇ ನೀರು. ಎರಡು ಹೊತ್ತೂ ಹಸುಗಳಿಗೆ ಎಷ್ಟು ನೀರು ಬೇಕು ಅಂತ ಪೇಟೆಯವರಿಗೆ ಗೊತ್ತಿರಲ್ಲ. ನಲ್ಲಿ ತಿರುಗಿಸಿದರೆ ತೊಟ್ಟಿ ತುಂಬುವ ಕಾಲದಲ್ಲಿ ನನಗೂ ಗೊತ್ತಿರಲಿಲ್ಲ.

ಇನ್ನು ಸೊಪ್ಪು. ಹುಳಕ್ಕೆ ಒದ್ದೆ ಸೊಪ್ಪು ಹಾಕಿದರೆ ಸಪ್ಪೆ ರೋಗ, ಶೀತ ಜಾಸ್ತಿಯಾದರೆ ಸುಣ್ಣಕಟ್ಟು. ಸುಣ್ಣಕಟ್ಟು ಬಂದ ಹುಳ ಸತ್ತು ಬಿಳಿ ಬಳಪದ ತುಂಡಾಗಿ ಬಿದ್ದಿರುತ್ತೆ. ಒಂದು ತಟ್ಟೆಯಲ್ಲಿ ಕಂಡರೆ ಮನೆಯೆಲ್ಲ ಕಂಡ ಹಾಗೆ. ಬೇರೆ ದಿನ ಆಗಿದ್ದರೆ ಸೊಪ್ಪನ್ನು ಫ್ಯಾನ್ ಕೆಳಗೆ ಹರಡಿದರೆ ಆಯಿತು. ಈಗ ಮನೆಯ ಹಾಲ್, ರೂಮ್, ದೇವರ ಮನೆ ಬಾಗಿಲವರೆಗೂ ಹಳೇ ಸೀರೆ ಹಾಸಿದೆವು. ತೋಟದಿಂದ ತಂದ ರೆಂಬೆಗಳನ್ನು ಜಗಲಿಯಲ್ಲಿ ನಿಂತು ಒದರೋದು, ಸೀರೆ ಮೇಲೆ ಹರಡೋದು, ಮಗುಚೋದು, ಕೈ ಬೆನ್ನಲ್ಲಿ ಮುಟ್ಟಿ ನೋಡೋದು. ಅಂಗೈಗೆ ತೇವ ಗೊತ್ತಾಗಲ್ಲ, ಕೈ ಬೆನ್ನಿಗೆ ಗೊತ್ತಾಗುತ್ತೆ. ಪಿಯುಸಿ ಓದೋ ಮಗ ರಟ್ಟಿನ ತುಂಡು ಹಿಡಿದು ಬೀಸುತ್ತಾ ಕೂತ. ಮೊಬೈಲ್ ಸತ್ತಿತ್ತಲ್ಲ, ಹುಡುಗ ಕೈಗೆ ಸಿಕ್ಕಿದ. ಹುಳದ ಹಾಸಿಗೆ ಮೇಲೆ ಸುಣ್ಣದ ಪುಡಿ ಉದುರಿಸಿ ತೇವ ಹೀರಿಸಿದೆವು, ಮೇಲೆ ರೋಗ ತಡೆಯೋ ವಿಜೇತ ಪುಡಿ ಹಾಕಿದೆವು.

ಬೆಚ್ಚಗೆ ಮಾಡೋಕೆ ಅತ್ತೆ ಕೊಟ್ಟಿಗೆ ಮೂಲೆಯಿಂದ ಹಳೇ ಕಬ್ಬಿಣದ ಅಗ್ಗಿಷ್ಟಿಕೆ ತೆಗೆದರು. ಇದ್ದಿಲು ಹೊರಗಡೆಯೇ ಪೂರ್ತಿ ಕೆಂಡವಾಗಬೇಕು, ಹೊಗೆ ನಿಂತ ಮೇಲೆ ಒಳಗೆ ತರಬೇಕು, ಮೇಲಿನ ಕಿಟಕಿ ತೆರೆದೇ ಇರಬೇಕು. ಇದು ಅವರ ಕಟ್ಟಳೆ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಅದಕ್ಕೆ ವಾಸನೆಯೇ ಇಲ್ಲ. ಅಕ್ಕನ ಮಗನೂ ಇದನ್ನೇ ಹೇಳಿದ್ದ. ಹರಿಕೇನ್ ಬಂದಾಗಲೆಲ್ಲ ಅಲ್ಲಿ ಜನ ಗ್ಯಾರೇಜ್ ಒಳಗೆ ಜನರೇಟರ್ ಓಡಿಸಿ, ಮಲಗಿದಲ್ಲೇ ಸಾಯುತ್ತಾರಂತೆ. ನಮ್ಮ ಯಜಮಾನರು "ಅಲ್ಲೇ ಚಾಪೆ ಹಾಕ್ಕೊಂಡು ಕೆಂಡ ನೋಡ್ಕೊತೀನಿ" ಅಂದರು. ಅತ್ತೆ ಒಪ್ಪಲಿಲ್ಲ. "ಹುಳ ನೋಡ್ಕೊಳೋಕೆ ಹೋಗಿ ನೀನು ಹೋದ್ರೆ? ಜಗಲೀಲಿ ಮಲಗು, ಎದ್ದು ಎದ್ದು ನೋಡು" ಅಂದರು.

ಅಷ್ಟರಲ್ಲಿ ಹುಳ ಹಣ್ಣಾಗತೊಡಗಿದವು. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತೆ, ಮೈ ಕುಗ್ಗುತ್ತೆ. ಬೆಳಕಿಗೆ ಹಿಡಿದರೆ ಕತ್ತಿನ ಹತ್ತಿರ ಆರಪಾರ ಕಾಣುತ್ತೆ. ಅದನ್ನ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋ ತಟ್ಟೆಗೆ ಬಿಡಬೇಕು. ತಡವಾದರೆ ಅಲ್ಲೇ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿಬಿಡುತ್ತೆ. ರಾತ್ರಿ ಇಡೀ ಹಣೆಗೆ ಟಾರ್ಚ್ ಕಟ್ಟಿಕೊಂಡು ಆರಿಸಿದೆವು. ಪಕ್ಕದ ಮನೆ ಅಕ್ಕ, ಅವರ ಸೊಸೆ ಕರೆಯದೆಯೇ ಬಂದರು. ಹಣ್ಣಾದ ಹುಳ ಕೈಗೆ ತಣ್ಣಗೆ, ಮೆತ್ತಗೆ. ಕಣ್ಣು ಮಂಜಾದ ಅತ್ತೆ ಟಾರ್ಚ್ ಇಲ್ಲದೆ, ಬೆರಳಲ್ಲಿ ಮುಟ್ಟಿಯೇ ನಮಗಿಂತ ಬೇಗ ಆರಿಸುತ್ತಿದ್ದರು.

ಗೂಡು ಕಟ್ಟುವ ಮೊದಲು ಹುಳ ಒಂದು ಸಲ ನೀರು ಬಿಡುತ್ತೆ. ಸಾವಿರಾರು ಹುಳ ಒಟ್ಟಿಗೆ. ಆಗ ಗಾಳಿ ಆಡದಿದ್ದರೆ ಗೂಡು ತೇವ ಕುಡಿದು, ಮುಂದೆ ಬಿಚ್ಚುವಾಗ ನೂಲು ಹರಿದು ಹರಿದು ಬರುತ್ತೆ. ಆ ಹೊತ್ತಿಗೆ ಫ್ಯಾನ್ ಬೇಕೇ ಬೇಕು. ರಟ್ಟಿನಲ್ಲಿ ಬೀಸಿ ಆಗುವ ಕೆಲಸವಲ್ಲ.

ಊರಲ್ಲಿ ಇದ್ದದ್ದು ಒಂದೇ ದೊಡ್ಡ ಜನರೇಟರ್. ಶಾಮಿಯಾನದ ಅಂಗಡಿಯದು. ಗಂಟೆಗೆ ಬಾಡಿಗೆ, ಡೀಸೆಲ್ ನಮ್ಮದು. ಅದೂ ಒಂದು ಗೃಹಪ್ರವೇಶಕ್ಕೆ ಬುಕ್ ಆಗಿತ್ತು. ಆ ಮನೆಯ ಯಜಮಾನರೇ ಬಂದು, "ಸೀರಿಯಲ್ ಲೈಟು ಹಾಕ್ಸಿ ಈ ಮಳೇಲಿ ಯಾರಿಗೆ ತೋರ್ಸೋಣ, ತಗೊಂಡ್ಹೋಗಿ" ಅಂದರು. ಅರಳಿಕಟ್ಟೆ ಹತ್ತಿರ ಛತ್ರಿ ಹಿಡಿದುಕೊಂಡೇ ಪಂಚಾಯಿತಿ ಆಯಿತು. ಹಾಲು ಹಾಕುವ ಹೊತ್ತಿಗೆ ಡೇರಿಗೆ. ಫ್ಯಾಟ್ ನೋಡುವ ಮೆಷಿನ್ ಓಡದಿದ್ದರೆ ರೇಟು ಹಾಕೋಕಾಗಲ್ಲ, ಕೂಲರ್ ಓಡದಿದ್ದರೆ ಹಾಲು ಒಡೆಯುತ್ತೆ. ಉಳಿದ ಹೊತ್ತು ಹುಳ ಹಣ್ಣಾಗಿರುವ ಮನೆಗಳಿಗೆ, ಸರದಿ ಮೇಲೆ. ಚಾಕಿ ಹುಳ, ಅಂದರೆ ಇನ್ನೂ ಎಳೇ ಹುಳ ಇದ್ದವರಿಗೆ ಇಲ್ಲ. ಅವರು ಗೊಣಗಿದರು, ಆದರೆ ಲೆಕ್ಕ ಅವರಿಗೂ ಗೊತ್ತು. ಜನರೇಟರ್ ಎಲ್ಲಿ ನಿಲ್ಲುತ್ತೋ ಅಲ್ಲಿ ಜಂಕ್ಷನ್ ಬಾಕ್ಸ್ ಸುತ್ತ ಊರಿನ ಮೊಬೈಲ್‌ಗಳೆಲ್ಲ ಬಂದು ಕೂರುತ್ತಿದ್ದವು. ಕೊಳವೆಬಾವಿ ಮೋಟರ್ ಎತ್ತುವಷ್ಟು ಶಕ್ತಿ ಅದಕ್ಕಿರಲಿಲ್ಲ.

ಲೈನ್‌ಮ್ಯಾನ್ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತೆ. ದೂರಿನ ನಂಬರ್ ಎಷ್ಟು ಒತ್ತಿದರೂ ಬ್ಯುಸಿ ಬರುತ್ತಿತ್ತು ಅನ್ನೋದು ಬೇರೆ ಮಾತು. ಅವರು ಮಾತ್ರ ಮಳೆಯಲ್ಲೇ ಬಂದರು. ಮರ ಕಡಿಯೋಕೆ, ಕಂಬ ಹೊತ್ತು ಕೆಸರಲ್ಲಿ ಎಳೆಯೋಕೆ ಊರಿನ ಗಂಡಸರೆಲ್ಲ ಸೇರಿದರು. ಕಂಬ ಹತ್ತುವ ಮೊದಲು ಅವರು ಮನೆ ಮನೆಗೆ ಹೋಗಿ ಕೂಗಿದ್ದು ಒಂದೇ ಮಾತು: "ಜನರೇಟರ್ ಯಾರ ಮನೇಲಿದೆ? ಮೇನ್ ಇಳಿಸಿದ್ದೀರಾ?" ಹುಡುಗರು ನಕ್ಕಾಗ ನಿಂತು ಹೇಳಿದರು. "ಎಲ್.ಸಿ. ತಗೊಂಡಿದ್ದೀನಪ್ಪ, ಅಂದ್ರೆ ಲೈನ್ ಬಂದ್ ಮಾಡ್ಸಿದ್ದೀನಿ, ಆ ಕಡೆಯಿಂದ ಕರೆಂಟ್ ಬರಲ್ಲ. ನಿಮ್ಮನೇದು ಬರುತ್ತೆ." ಮೇನ್ ಇಳಿಸದೆ ಮನೆಯ ವೈರಿಂಗ್‌ಗೆ ಜನರೇಟರ್ ಕೊಟ್ಟರೆ, ಆ 230 ವೋಲ್ಟ್ ಟೀಸಿ (ಟ್ರಾನ್ಸ್‌ಫಾರ್ಮರ್) ಒಳಗೆ ಹಿಂದಕ್ಕೆ ಹೋಗಿ ಆಚೆ ಬದಿ 11 ಸಾವಿರ ವೋಲ್ಟ್ ಆಗುತ್ತೆ. ಸತ್ತ ಲೈನ್ ಅಂತ ಮುಟ್ಟಿದವರ ಗತಿ? ಶಾಮಿಯಾನದ ಹುಡುಗ ಓಡಿಹೋಗಿ ಇಂಜಿನ್ನೇ ಆಫ್ ಮಾಡಿ ಬಂದ.

ಕರೆಂಟ್ ಬಂದಾಗ ನಾವು ಗೂಡು ಬಿಡಿಸುತ್ತಿದ್ದೆವು. ಹೀಟರ್ ತನ್ನಷ್ಟಕ್ಕೆ ತಾನು ಉರಿಯಿತು, ಈಗ ಯಾಕೆ ಬೇಕಿತ್ತೋ. ಇಳುವರಿ ಕಮ್ಮಿ ಅಂತೇನಿಲ್ಲ, ಸುಣ್ಣಕಟ್ಟು ಬರಲಿಲ್ಲ. ಮಾರುಕಟ್ಟೆಯಲ್ಲಿ ಮಾತ್ರ ಪೆಟ್ಟು ಬಿತ್ತು. ನೂಲು ಬಿಚ್ಚೋ ರೀಲರ್‌ಗಳು ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒತ್ತಿ ನೋಡಿ ಹಸಿ ಅಂದರು. ಅವರ ಕಷ್ಟ ಅವರಿಗೆ. ಕರೆಂಟ್ ಇಲ್ಲದೆ ಅವರ ರಾಟೆಗಳೂ ನಿಂತಿದ್ದವು, ಕೊಳ್ಳೋಕೆ ಬಂದವರೇ ಕಡಿಮೆ. ಸಾಲ ಇಲ್ಲದೆ ಬೆಳೆ ದಾಟಿತು, ಲಾಭ ಅಂತ ಕೈಗೆ ಬರಲಿಲ್ಲ.

ಈಗ ಮನೆಯಲ್ಲಿ ಒಂದು ಚರ್ಚೆ ನಡೆಯುತ್ತಿದೆ. 2021ರ ನವೆಂಬರ್‌ನಲ್ಲಿ ಕೆರೆಗಳು ಕೋಡಿ ಹರಿದ ಮಳೆ, 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ, 2024ರಲ್ಲಿ ಇದು. ಬಂಗಾಳಕೊಲ್ಲಿಯಿಂದ ಬರೋದೆಲ್ಲ ಇದೇ ಹೊತ್ತಿಗೆ. ಹಾಗಾಗಿ ಚಾಕಿ ತರುವುದನ್ನು ಮುಂದಕ್ಕೆ ಹಾಕಿ, ಹುಳ ಹಣ್ಣಾಗೋದು ಡಿಸೆಂಬರ್ ಕೊನೆಗೆ ಬೀಳೋ ಹಾಗೆ ಮಾಡೋಣ ಅಂತ ನಾನು. ಅಷ್ಟು ಹೊತ್ತಿಗೆ ಸೊಪ್ಪು ಬಲಿತು ಹುಳ ಮುಟ್ಟಲ್ಲ ಅಂತ ಯಜಮಾನರು. ಅದೂ ನಿಜವೇ. ಅತ್ತೆಯನ್ನು ಕೇಳಿದರೆ, ಮೊದಲು ಆ ಅಗ್ಗಿಷ್ಟಿಕೆಯ ಮುರಿದ ಕಾಲಿಗೆ ವೆಲ್ಡಿಂಗ್ ಮಾಡಿಸಿ ಅನ್ನುತ್ತಾರೆ.